ಬಟಾಣಿ ಗಿಡದ ಸಿನಿಮಾ ಮಾಡಿದ ಮನುಷ್ಯ

ಒಂದು ಕುಂಡ, ಅದರಲ್ಲೊಂದು ಬಟಾಣಿ ಕಾಳು, ಎದುರಿಗೆ ಕದಲದಂತೆ ನಿಲ್ಲಿಸಿದ ಒಂದು ಕ್ಯಾಮೆರಾ. ಸೆಟ್ ಅಂದರೆ ಇಷ್ಟೇ. ನಾಯಕ, ನಾಯಕಿ, ವಿಲನ್ ಎಲ್ಲಾ ಆ ಕಾಳೇ. 1912ರಲ್ಲಿ, ಲಂಡನ್ನಿನಿಂದ ಆಗಷ್ಟೇ ವಾಪಸಾಗಿದ್ದ ನಲವತ್ತೆರಡರ ಆಸುಪಾಸಿನ ಒಬ್ಬ ಮನುಷ್ಯ ಮುಂಬೈನ ತನ್ನ ಮನೆಯಲ್ಲಿ ಅದರ ಮುಂದೆ ಕೂತು ಒಂದೊಂದೇ ಚಿತ್ರ ತೆಗೆಯುತ್ತಿದ್ದ. ಬೆಳಗ್ಗೆ ಒಂದಿಷ್ಟು, ಮಧ್ಯಾಹ್ನ ಒಂದಿಷ್ಟು, ಸಂಜೆ ಒಂದಿಷ್ಟು. ಹೀಗೆ ಒಂದು ತಿಂಗಳ ಮೇಲಾಯಿತು. ಆಮೇಲೆ ಆ ಸುರುಳಿಯನ್ನು ಓಡಿಸಿದಾಗ, ಒಂದು ನಿಮಿಷದಷ್ಟು ಹೊತ್ತಿನಲ್ಲಿ ಕಾಳು ಬಿರಿಯಿತು, ಮೊಳಕೆ ತಲೆ ಎತ್ತಿತು, ಗಿಡವಾಗಿ ನಿಂತಿತು.

ಇವತ್ತು ಇದಕ್ಕೆ ಟೈಮ್‌ಲ್ಯಾಪ್ಸ್ ಅಂತೀವಿ. ಮೊಬೈಲಿನಲ್ಲಿ ಒಂದು ಬಟನ್ ಒತ್ತಿದರೆ ಆಯ್ತು. ನಾನೂ ಒಮ್ಮೆ ಹೆಸರುಕಾಳನ್ನು ಒದ್ದೆ ಬಟ್ಟೆಯ ಮೇಲೆ ಹರಡಿ, ಫೋನನ್ನು ಡಬ್ಬಿಗಳ ನಡುವೆ ಸಿಕ್ಕಿಸಿ ಎರಡು ದಿನ ಚಾರ್ಜಿಗೆ ಹಾಕಿಟ್ಟಿದ್ದೆ. ಎರಡನೇ ದಿನ ಸಂಜೆ ಅಮ್ಮ ಮೊಳಕೆಯನ್ನೆಲ್ಲ ಕೋಸಂಬರಿ ಮಾಡಿಬಿಟ್ಟರು. ಅದಿರಲಿ. ಫೋನು ತಾನಾಗಿ ಮಾಡುವ ಕೆಲಸವನ್ನು ಆ ಮನುಷ್ಯ ಕೈಯಿಂದ ಮಾಡಿದ್ದ. ಆಗಿನ ಲೆಕ್ಕದಲ್ಲಿ ತೆರೆಯ ಮೇಲೆ ಒಂದು ಸೆಕೆಂಡ್ ಓಡಲು ಸುಮಾರು 16 ಚಿತ್ರ ಬೇಕು. ಅಂದರೆ ಒಂದು ನಿಮಿಷಕ್ಕೆ ಹತ್ತಿರಹತ್ತಿರ ಸಾವಿರ ಚಿತ್ರ. ಒಂದು ಸಲ ಕುಂಡ ಅಲುಗಿದರೂ ತಿಂಗಳ ಕೆಲಸ ಹೋಯ್ತು.

ಆತ ಧುಂಡಿರಾಜ್ ಗೋವಿಂದ ಫಾಲ್ಕೆ. ನಮಗೆಲ್ಲ ಗೊತ್ತಿರುವ ಹೆಸರು ದಾದಾಸಾಹೇಬ್ ಫಾಲ್ಕೆ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಬಹಳ ಜನರಿಗೆ ಅದು ಮನುಷ್ಯನ ಹೆಸರು ಅನ್ನುವುದಕ್ಕಿಂತ ಪ್ರಶಸ್ತಿಯ ಹೆಸರು. ಡಾ. ರಾಜ್‌ಕುಮಾರ್ ಅವರಿಗೆ 1995ನೇ ಸಾಲಿನದು ಬಂತು, ಕ್ಯಾಮೆರಾ ಹಿಂದೆ ದುಡಿದ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರಿಗೆ 2008ರದು ಬಂತು. ಕ್ವಿಜ್ ಪುಸ್ತಕದಲ್ಲಿ ಇಷ್ಟು ಓದಿ ಮುಂದೆ ಹೋಗಿರುತ್ತೇವೆ. ನಾನೂ ಹಾಗೇ ಹೋಗಿದ್ದವ. ರಜೆಯಲ್ಲಿ ಹೊತ್ತು ಹೋಗದೆ 'ಹರಿಶ್ಚಂದ್ರಾಚೀ ಫ್ಯಾಕ್ಟರಿ' ಅನ್ನುವ ಮರಾಠಿ ಸಿನಿಮಾ ಹಾಕಿಕೊಂಡೆ. ಪರೇಶ್ ಮೊಕಾಶಿ 2009ರಲ್ಲಿ ಮಾಡಿದ್ದು. ಫಾಲ್ಕೆ ಮೊದಲ ಸಿನಿಮಾ ಮಾಡಿದ ಕಥೆಯನ್ನು ನಗುನಗುತ್ತಾ ಹೇಳುತ್ತದೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಮುಗಿದ ಮೇಲೆ, ಇದೆಲ್ಲ ನಿಜವಾ ಅಂತ ಹುಡುಕಿಕೊಂಡು ಹೊರಟೆ. ನಿಜವೇ. ಆದರೆ ನಿಜವಾದ ಕಥೆ ಅಷ್ಟೊಂದು ನಗುವ ಕಥೆಯಲ್ಲ.

ಫಾಲ್ಕೆ ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಸಿಕದ ಹತ್ತಿರದ ತ್ರ್ಯಂಬಕೇಶ್ವರದಲ್ಲಿ. ತಂದೆ ಸಂಸ್ಕೃತ ಪಂಡಿತರು. ಮಗನೂ ಅದೇ ದಾರಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. 1885ರಲ್ಲಿ ಮುಂಬೈನ ಜೆ.ಜೆ. ಕಲಾಶಾಲೆ ಸೇರಿದರು. ಅಲ್ಲಿಂದ ಬರೋಡಾದ ಕಲಾಭವನ. ಚಿತ್ರ ಬರೆಯುವುದು ಕಲಿತರು, ಅಚ್ಚು ತೆಗೆಯುವುದು ಕಲಿತರು, ಕಟ್ಟಡಗಳ ಮಾದರಿ ಮಾಡುವುದು ಕಲಿತರು, 1890ರಲ್ಲಿ ಒಂದು ಕ್ಯಾಮೆರಾ ಕೊಂಡು ಫೋಟೊ ತೆಗೆಯುವುದೂ ಕಲಿತರು. 1892ರಲ್ಲಿ ಅಹಮದಾಬಾದಿನ ವಸ್ತುಪ್ರದರ್ಶನದಲ್ಲಿ ಒಂದು ನಾಟಕಶಾಲೆಯ ಮಾದರಿ ಮಾಡಿಟ್ಟು ಚಿನ್ನದ ಪದಕ ಪಡೆದರು.

ಇಲ್ಲಿಯವರೆಗೆ ಚೆನ್ನಾಗೇ ಇದೆ. ಮನೆಗೆ ಬಂದ ನೆಂಟರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಮುಂದಿನದ್ದನ್ನು ಹೇಳಿಕೊಳ್ಳುವುದು ಕಷ್ಟ.

ಗೋಧ್ರಾದಲ್ಲಿ ಫೋಟೊ ಸ್ಟುಡಿಯೊ ತೆರೆದರು. ಅದು ಪ್ಲೇಗಿನ ಕಾಲ. 1900ರ ಸುಮಾರಿಗೆ ಹೆಂಡತಿಯೂ ಮಗುವೂ ಪ್ಲೇಗಿಗೆ ಬಲಿಯಾದರು. ಊರು ಬಿಟ್ಟು ಬರೋಡಾಗೆ ಬಂದು ಮತ್ತೆ ಸ್ಟುಡಿಯೊ ಇಟ್ಟರೆ, ಕ್ಯಾಮೆರಾ ಮನುಷ್ಯನ ಮೈಯ ಶಕ್ತಿಯನ್ನೆಲ್ಲ ಹೀರಿಬಿಡುತ್ತದೆ ಅನ್ನುವ ಸುದ್ದಿ ಹಬ್ಬಿ ಜನ ಹತ್ತಿರ ಸುಳಿಯಲಿಲ್ಲ. ಆಮೇಲೆ ನಾಟಕದ ಪರದೆಗಳಿಗೆ ಬಣ್ಣ ಬಳಿದರು. ಊರಿಗೆ ಬಂದಿದ್ದ ಒಬ್ಬ ಜರ್ಮನ್ ಜಾದೂಗಾರನ ಹಿಂದೆ ಬಿದ್ದು ಜಾದೂ ಕಲಿತರು. ಪ್ರದರ್ಶನವನ್ನೂ ಕೊಟ್ಟರು, ಪ್ರೊಫೆಸರ್ ಕೆಲ್ಫಾ ಅನ್ನುವ ಹೆಸರಿನಲ್ಲಿ. ಫಾಲ್ಕೆಯನ್ನು ತಿರುಗಿಸಿ ಓದಿದರೆ ಕೆಲ್ಫಾ. ಈಗಿನವರು ಇನ್‌ಸ್ಟಾಗ್ರಾಮಿನಲ್ಲಿ ಇಟ್ಟುಕೊಳ್ಳುವ ಹೆಸರಿನ ಹಾಗೇ ಇದೆ ಅಲ್ವಾ?

1902ರಲ್ಲಿ ಎರಡನೇ ಮದುವೆ. ಹುಡುಗಿ ಗಿರಿಜಾ, ಮದುವೆಯ ಮೇಲೆ ಸರಸ್ವತಿ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮದುವೆಯಾದ ಮೇಲೆ ಸರ್ಕಾರಿ ನೌಕರಿಯೂ ಸಿಕ್ಕಿತು. ಪುರಾತತ್ವ ಇಲಾಖೆಯಲ್ಲಿ ಫೋಟೊಗ್ರಾಫರ್ ಮತ್ತು ನಕ್ಷೆಗಾರ. ತಿಂಗಳಾದರೆ ಸಂಬಳ. ನಮ್ಮ ಕಡೆ ಇಷ್ಟಾದರೆ ಸತ್ಯನಾರಾಯಣ ಪೂಜೆ ಮಾಡಿಸುತ್ತಾರೆ. ಫಾಲ್ಕೆ ಮೂರೇ ವರ್ಷಕ್ಕೆ ಬಿಟ್ಟು ಬಂದರು. ಲೋಣಾವಳದಲ್ಲಿ ಮುದ್ರಣದ ಕೆಲಸ ಶುರು ಮಾಡಿದರು. ಅಲ್ಲಿ ರಾಜಾ ರವಿವರ್ಮನ ಚಿತ್ರಗಳನ್ನು ಅಚ್ಚು ಹಾಕುತ್ತಿದ್ದ ಪ್ರೆಸ್ಸಿಗೂ ಕೆಲಸ ಮಾಡಿದರು. ನಮ್ಮ ಅಜ್ಜಿಯಂದಿರ ದೇವರ ಕೋಣೆಯಲ್ಲಿ ಗಾಜು ಹಾಕಿಸಿಟ್ಟ ಲಕ್ಷ್ಮಿ, ಸರಸ್ವತಿ ಇದ್ದಾರಲ್ಲ, ಆ ಬಗೆಯ ಚಿತ್ರಗಳು. ದೇವರು ಅಂದರೆ ಹೇಗಿರುತ್ತಾನೆ, ರಾಜ ಅಂದರೆ ಹೇಗೆ ಕೂರುತ್ತಾನೆ, ರಾಣಿಯ ಸೆರಗು ಎಲ್ಲಿಗೆ ಬರುತ್ತದೆ ಅನ್ನುವುದನ್ನೆಲ್ಲ ಆ ಕಲ್ಲಚ್ಚಿನ ಮುಂದೆ ನಿಂತು ನೋಡಿದ ಕಣ್ಣು ಮುಂದೆ ಕ್ಯಾಮೆರಾದೊಳಗೆ ಇಣುಕಿತು. ಅವರ ಸಿನಿಮಾದ ರಾಜರಾಣಿಯರು ರವಿವರ್ಮನ ಚಿತ್ರದಿಂದ ಎದ್ದು ಬಂದವರಂತೆ ಕಾಣುವುದು ಅದಕ್ಕೇ.

1909ರಲ್ಲಿ ಜರ್ಮನಿಗೆ ಹೋಗಿ ಬಣ್ಣದ ಮುದ್ರಣದ ಯಂತ್ರ ತಂದರು. ಪ್ರೆಸ್ಸು ಹೆಸರು ಮಾಡಿತು. ಅಷ್ಟರಲ್ಲಿ ಪಾಲುದಾರರ ಜತೆ ಜಗಳ. ಬರಿಗೈಯಲ್ಲಿ ಹೊರಬಂದರು.

ಈಗ ಲೆಕ್ಕ ಹಾಕಿ. ವಯಸ್ಸು ನಲವತ್ತು. ಪೇಂಟರ್, ಫೋಟೊಗ್ರಾಫರ್, ಜಾದೂಗಾರ, ನಕ್ಷೆಗಾರ, ಮುದ್ರಕ. ಕೈ ಹಾಕದ ಕೆಲಸವಿಲ್ಲ, ನೆಲೆ ನಿಂತ ಕೆಲಸವೂ ಇಲ್ಲ. ಮನೆಯಲ್ಲಿ ಹೆಂಡತಿ, ಮಕ್ಕಳು. ಇಂಥವರು ನಮ್ಮ ಬೀದಿಯಲ್ಲೂ ಒಬ್ಬರಿರುತ್ತಾರೆ. ಬುದ್ಧಿವಂತ, ಆದರೆ ಯಾವುದರಲ್ಲೂ ನಿಲ್ಲಲಿಲ್ಲ ಕಣ್ರಿ ಅಂತ ಜನ ಅವರ ಬಗ್ಗೆ ತಲೆ ಅಲ್ಲಾಡಿಸುತ್ತಾರೆ.

1911ರ ಸುಮಾರಿಗೆ, ಮಗ ಭಾಲಚಂದ್ರನನ್ನು ಕರೆದುಕೊಂಡು ಮುಂಬೈನ ಗಿರಗಾಂವ್ ಕಡೆ ಒಂದು ಸಿನಿಮಾ ನೋಡಲು ಹೋದರು. ತೆರೆಯ ಮೇಲೆ ಪ್ರಾಣಿಗಳು ಓಡಾಡುವ ಚಿತ್ರ. ಮನೆಗೆ ಬಂದು ಹೇಳಿದರೆ ಯಾರೂ ನಂಬಲಿಲ್ಲ. ಮರುದಿನ ಎಲ್ಲರನ್ನೂ ಕರೆದುಕೊಂಡು ಹೋದರು. ಅವತ್ತು ಈಸ್ಟರ್. ಪ್ರಾಣಿಗಳ ಬದಲು ಕ್ರಿಸ್ತನ ಜೀವನದ ಚಿತ್ರ ಹಾಕಿದ್ದರು. ಏಸು ನಡೆದು ಹೋಗುತ್ತಿದ್ದರೆ ಇವರ ಕಣ್ಣ ಮುಂದೆ ರಾಮ ನಡೆದ, ಕೃಷ್ಣ ನಡೆದ. ನಮ್ಮ ದೇವರುಗಳು ಹೀಗೆ ತೆರೆಯ ಮೇಲೆ ಬರುವುದು ಯಾವಾಗ ಎಂದು ತಲೆಗೆ ಹೊಕ್ಕಿದ್ದೇ ತಡ, ಮನುಷ್ಯ ಬೇರೆ ಯಾವುದಕ್ಕೂ ಬೇಡವಾದ.

ಪ್ರತಿದಿನ ಸಿನಿಮಾ. ದುಡ್ಡಿಲ್ಲದಿದ್ದರೆ ಮನೆಯ ಸಾಮಾನು ಮಾರಿ ಸಿನಿಮಾ. ವಿದೇಶದಿಂದ ಕ್ಯಾಟಲಾಗು, ಪುಸ್ತಕ ತರಿಸಿಕೊಂಡು ರಾತ್ರಿಯಿಡೀ ಓದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನೋದು ಇದಕ್ಕೇ ಇರಬೇಕು. ಈ ಮನುಷ್ಯನನ್ನು ಠಾಣೆಯ ಹುಚ್ಚಾಸ್ಪತ್ರೆಗೆ ಸೇರಿಸಬೇಕೆಂದು ಸ್ನೇಹಿತರೇ ಮಾತಾಡಿಕೊಂಡಿದ್ದರಂತೆ. ನಿದ್ದೆಯಿಲ್ಲದೆ ತೆರೆಯನ್ನೇ ದಿಟ್ಟಿಸಿ ದಿಟ್ಟಿಸಿ ಕಣ್ಣು ಬಾತುಕೊಂಡಿತು. ಆಮೇಲೆ ಕಾಣಿಸುವುದೇ ನಿಂತುಹೋಯಿತು. ವೈದ್ಯರ ಚಿಕಿತ್ಸೆ ಮತ್ತು ಮೂರು ನಾಲ್ಕು ಕನ್ನಡಕಗಳ ಬಲದಿಂದ ದೃಷ್ಟಿ ವಾಪಸ್ ಬಂತು. ಬಂದ ಕೂಡಲೇ ಏನು ಮಾಡಿದರು? ಮತ್ತೆ ಸಿನಿಮಾ ನೋಡಲು ಹೋದರು.

ಮೋಟಿವೇಷನ್ ವಿಡಿಯೊಗಳಲ್ಲಿ ಇಂಥ ಕಡೆ ಹಿಂದೆ ಡ್ರಮ್ಮು ಬಾರಿಸುತ್ತದೆ. ಕನಸಿನ ಬೆನ್ನು ಹತ್ತಿ, ಜಗತ್ತು ಏನಾದರೂ ಅನ್ನಲಿ ಎಂದು ಒಂದು ದನಿ ಹೇಳುತ್ತದೆ. ನನಗೆ ಮಾತ್ರ ಆ ಹೊತ್ತಿನಲ್ಲಿ ಸರಸ್ವತಿಬಾಯಿಯವರು ಏನು ಮಾಡುತ್ತಿದ್ದಿರಬಹುದು ಅನ್ನುವ ಯೋಚನೆ ಬರುತ್ತದೆ. ಗಂಡ ಕುರುಡಾಗಿ ಮೂಲೆಯಲ್ಲಿ ಕೂತಿದ್ದಾನೆ, ಡಬ್ಬಿಯಲ್ಲಿ ಅಕ್ಕಿ ಇದೆಯೋ ಇಲ್ಲವೋ. ನಮ್ಮ ಮನೆಯಲ್ಲಿ ನಾನು ಮೊಬೈಲ್ ಹಿಡಿದು ತೆಂಗಿನಗರಿ, ಇರುವೆ ಸಾಲು ಶೂಟ್ ಮಾಡುತ್ತಾ ಕೂತರೆ, ಇದರಿಂದ ಅನ್ನ ಹುಟ್ಟುತ್ತೇನೋ ಅಂತ ಅಪ್ಪ ಕೇಳುತ್ತಾರೆ. ಅದು ಕೆಟ್ಟ ಪ್ರಶ್ನೆಯೇನಲ್ಲ. ಫಾಲ್ಕೆಯ ಮನೆಯಲ್ಲೂ ಅದೇ ಪ್ರಶ್ನೆ ಇತ್ತು. ಅಲ್ಲಿ ಅದಕ್ಕೆ ಉತ್ತರ ಕೊಡುವ ಕೆಲಸ ಬಿದ್ದದ್ದು ಸರಸ್ವತಿಬಾಯಿಯ ಪಾಲಿಗೆ.

ಸಿನಿಮಾ ಮಾಡುವುದು ಹೇಗೆಂದು ತಿಳಿಯಲು ಲಂಡನ್ನಿಗೆ ಹೋಗಬೇಕಿತ್ತು. ತಮ್ಮ ವಿಮಾ ಪಾಲಿಸಿಗಳನ್ನೆಲ್ಲ ಅಡವಿಟ್ಟು ಸುಮಾರು 10,000 ರೂಪಾಯಿ ಎತ್ತಿದರು. ಆ ಕಾಲದ ಹತ್ತು ಸಾವಿರ! ಕೊಟ್ಟವರು ಫೋಟೊಗ್ರಫಿ ಸಾಮಗ್ರಿಗಳ ವ್ಯಾಪಾರಿ ಯಶವಂತ ನಾಡಕರ್ಣಿ. 1912ರ ಫೆಬ್ರವರಿ ಮೊದಲ ದಿನ ಹಡಗು ಹತ್ತಿದರು. ಲಂಡನ್ನಿನಲ್ಲಿ ಗುರುತಿನವರು ಯಾರೂ ಇಲ್ಲ. ಬೀದಿಯಲ್ಲಿ ಹೋಗುತ್ತಿದ್ದಾಗ 'ಬಯೋಸ್ಕೋಪ್' ಅನ್ನುವ ವಾರಪತ್ರಿಕೆಯ ಬೋರ್ಡು ಕಣ್ಣಿಗೆ ಬಿತ್ತು. ಅದು ಇವರು ಮುಂಬೈಗೆ ತರಿಸಿಕೊಂಡು ಓದುತ್ತಿದ್ದ ಪತ್ರಿಕೆ. ಸೀದಾ ಒಳಗೆ ಹೋದರು. ಸಂಪಾದಕ ಕೇಬೌರ್ನ್ ಮೊದಲು, ಇಲ್ಲೇ ಎಷ್ಟೋ ಜನ ಕೈ ಸುಟ್ಟುಕೊಂಡಿದ್ದಾರೆ, ನಿಮ್ಮ ಸೆಕೆಯ ಊರಿನಲ್ಲಿ ಇದೆಲ್ಲ ಆಗುವ ಮಾತಲ್ಲ ಎಂದು ಬುದ್ಧಿ ಹೇಳಿದರು. ಇವರು ಜಗ್ಗದಿರುವುದನ್ನು ನೋಡಿ, ಸಿಸಿಲ್ ಹೆಪ್‌ವರ್ತ್ ಎಂಬ ನಿರ್ಮಾಪಕರ ಹತ್ತಿರ ಕಳಿಸಿದರು. ಹೆಪ್‌ವರ್ತ್ ತಮ್ಮ ಸ್ಟುಡಿಯೊದ ಬಾಗಿಲು ತೆರೆದು ಎಲ್ಲವನ್ನೂ ತೋರಿಸಿದರು. ಇದು ನನಗೆ ಬಹಳ ಇಷ್ಟವಾದ ಭಾಗ. ಎಲ್ಲಿಂದಲೋ ಬಂದ ಅಪರಿಚಿತನಿಗೆ ಕಸುಬಿನ ಗುಟ್ಟು ಹೇಳಿಕೊಡಲು ಎಷ್ಟು ಜನ ಒಪ್ಪುತ್ತಾರೆ?

50 ಪೌಂಡ್ ಕೊಟ್ಟು ಒಂದು ವಿಲಿಯಮ್ಸನ್ ಕ್ಯಾಮೆರಾ ಕೊಂಡರು. ಕಚ್ಚಾ ಫಿಲಂ ಮತ್ತು ಫಿಲಂನ ಅಂಚಿಗೆ ತೂತು ಕೊರೆಯುವ ಯಂತ್ರಕ್ಕೆ ಆರ್ಡರ್ ಕೊಟ್ಟು, ಏಪ್ರಿಲ್ ಮೊದಲ ದಿನ ವಾಪಸಾದರು.

ಆ ತೂತಿನ ವಿಷಯ ಸ್ವಲ್ಪ ಹೇಳಬೇಕು. ಫಿಲಂ ಸುರುಳಿಯ ಎರಡೂ ಅಂಚಿಗೆ ಸಾಲಾಗಿ ಸಣ್ಣ ತೂತುಗಳಿರುತ್ತವೆ. ಕ್ಯಾಮೆರಾದೊಳಗಿನ ಹಲ್ಲುಚಕ್ರ ಆ ತೂತಿಗೆ ಸಿಕ್ಕಿಕೊಂಡು ಫಿಲಂ ಎಳೆಯುತ್ತದೆ. ಫಾಲ್ಕೆ ತರಿಸಿದ ಫಿಲಂಗೆ ತೂತು ಇರಲಿಲ್ಲ. ಒಂದೊಂದನ್ನೂ ಮನೆಯಲ್ಲೇ ಕೊರೆಯಬೇಕು. ಅದೂ ಕತ್ತಲಲ್ಲಿ, ಬೆಳಕು ತಗುಲಿದರೆ ಫಿಲಂ ಹಾಳು. ಈ ಕೆಲಸ ಕಲಿತು ಮಾಡಿದವರು ಸರಸ್ವತಿಬಾಯಿ. ಹಗಲು ಅಡುಗೆ, ಮಕ್ಕಳು. ರಾತ್ರಿ ಕತ್ತಲ ಕೋಣೆಯಲ್ಲಿ ತೂತು ಕೊರೆಯುವುದು, ಫಿಲಂ ತೊಳೆಯುವುದು. ಸಿನಿಮಾ ಅನ್ನುವುದೇ ಏನೆಂದು ಊರಿಗೆ ಸರಿಯಾಗಿ ಗೊತ್ತಿಲ್ಲದ ಕಾಲದಲ್ಲಿ ಈ ದೇಶದ ಒಬ್ಬ ಗೃಹಿಣಿ ಫಿಲಂ ತಂತ್ರಜ್ಞೆ ಆಗಿದ್ದರು.

ಮತ್ತೆ ದುಡ್ಡಿನ ಪ್ರಶ್ನೆ. ಕ್ಯಾಮೆರಾ ಬಂತು, ಕಥೆಯ ಸಿನಿಮಾ ಮಾಡಲು ಹಣವಿಲ್ಲ. ಆಗಲೇ ಆ ಬಟಾಣಿ. ಈ ಮನುಷ್ಯನಿಗೆ ನಿಜಕ್ಕೂ ಸಿನಿಮಾ ಮಾಡಲು ಬರುತ್ತದೆ ಎಂದು ಸಾಲ ಕೊಡುವವರಿಗೆ ತೋರಿಸಬೇಕಿತ್ತು. ಗಿಡ ಬೆಳೆದದ್ದನ್ನು ನೋಡಿ ನಾಡಕರ್ಣಿ ಮತ್ತೆ ಹಣ ಕೊಡಲು ಒಪ್ಪಿದರು. ಸಾಲದ್ದಕ್ಕೆ ಸರಸ್ವತಿಬಾಯಿಯ ಒಡವೆಗಳು ಹೋದವು.

ಕಥೆ ಆರಿಸಿದ್ದು ರಾಜಾ ಹರಿಶ್ಚಂದ್ರನದು. ನಮ್ಮಲ್ಲಿ ಅವನ ಹೆಂಡತಿ ಚಂದ್ರಮತಿ, ಮಗ ಲೋಹಿತಾಶ್ವ. ಮರಾಠಿಯಲ್ಲಿ ತಾರಾಮತಿ ಮತ್ತು ರೋಹಿದಾಸ. ಹರಿಶ್ಚಂದ್ರನಾಗಿ ನಾಟಕದ ನಟ ದಾಬ್ಕೆ ಸಿಕ್ಕರು. ರೋಹಿದಾಸ ಮನೆಯಲ್ಲೇ ಇದ್ದ, ಮಗ ಭಾಲಚಂದ್ರ. ತಾರಾಮತಿ ಮಾತ್ರ ಸಿಗಲಿಲ್ಲ. ಹೆಂಗಸರು ಬೇಕಾಗಿದ್ದಾರೆ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಯಾರೂ ಬರಲಿಲ್ಲ. ವೇಶ್ಯೆಯರ ಕೇರಿಗೂ ಹೋಗಿ ಕೇಳಿದರು. ಅವರೂ ಸಿನಿಮಾ ಅಂದರೆ ಬೇಡ ಅಂದರು. ಕೊನೆಗೆ ಗ್ರ್ಯಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಕೂತಿದ್ದಾಗ ಅಲ್ಲಿ ಅಡುಗೆ ಕೆಲಸಕ್ಕಿದ್ದ ತೆಳ್ಳನೆಯ ಹುಡುಗನೊಬ್ಬ ಕಣ್ಣಿಗೆ ಬಿದ್ದ. ಹೆಸರು ಅಣ್ಣಾ ಸಾಳುಂಕೆ. ಹೋಟೆಲಿನಲ್ಲಿ ತಿಂಗಳಿಗೆ 10 ರೂಪಾಯಿ ಸಂಬಳ. ಫಾಲ್ಕೆ 15 ಕೊಡುತ್ತೇನೆಂದರು. ಐದು ರೂಪಾಯಿ ಹೆಚ್ಚಿಗೆ ಸಿಗುತ್ತದೆಂದು ಬಂದ ಆ ಅಡುಗೆಯವ ಭಾರತದ ಮೊದಲ ನಾಯಕಿಯಾದ.

ಸ್ತ್ರೀಪಾತ್ರದ ಗಂಡಸರು ಮೀಸೆ ಬೋಳಿಸಲು ಒಪ್ಪದೆ ಇನ್ನೊಂದು ರಗಳೆ. ಅಪ್ಪ ಸತ್ತಾಗ ಮಾತ್ರ ಮೀಸೆ ತೆಗೆಯುವುದು, ಸುಮ್ಮನೆ ಹೇಗೆ ತೆಗೆಯೋದು ಅನ್ನುವುದು ಅವರ ಮಾತು. ಸಿನಿಮಾದಲ್ಲಿ ಕೆಲಸ ಅಂದರೆ ಮರ್ಯಾದೆ ಹೋಗುತ್ತದೆಂದು, ಎಲ್ಲಿ ಕೆಲಸ ಎಂದು ಯಾರಾದರೂ ಕೇಳಿದರೆ ಹರಿಶ್ಚಂದ್ರನ ಫ್ಯಾಕ್ಟರಿಯಲ್ಲಿ ಎಂದು ಹೇಳಲು ಫಾಲ್ಕೆಯೇ ಎಲ್ಲರಿಗೂ ಕಲಿಸಿಕೊಟ್ಟಿದ್ದರು. ಆ ಮರಾಠಿ ಸಿನಿಮಾದ ಹೆಸರು ಅಲ್ಲಿಂದ ಬಂದದ್ದು. ಒಮ್ಮೆ ಹಳ್ಳಿಯ ಕಡೆ ಚಿತ್ರೀಕರಣಕ್ಕೆ ಕತ್ತಿ, ಭರ್ಜಿ ಹಿಡಿದು ಹೋದ ತಂಡವನ್ನು ಊರಿನವರು ದರೋಡೆಕೋರರೆಂದು ತಿಳಿದು ಪೊಲೀಸರಿಗೆ ಒಪ್ಪಿಸಿದರಂತೆ. ಫಾಲ್ಕೆ ಬಂದು, ಅವರ ಕಣ್ಣೆದುರೇ ನಟರಿಂದ ಅಭಿನಯ ಮಾಡಿಸಿ ತೋರಿಸಿದ ಮೇಲೆ ಬಿಟ್ಟರಂತೆ.

ದಾದರಿನ ಮನೆಯೇ ಸ್ಟುಡಿಯೊ, ಮನೆಯೇ ಹಾಸ್ಟೆಲ್, ಮನೆಯೇ ಲ್ಯಾಬು. 60-70 ಜನರ ಅಡುಗೆ ಸರಸ್ವತಿಬಾಯಿಯದು. ಅಡುಗೆ ಮುಗಿದರೆ, ಬಿಸಿಲನ್ನು ನಟರ ಮುಖದ ಮೇಲೆ ತಿರುಗಿಸಲು ಬಿಳಿ ಬಟ್ಟೆ ಹಿಡಿದು ಗಂಟೆಗಟ್ಟಲೆ ನಿಲ್ಲುವುದು. ಕೆಲಸಕ್ಕೆ ಹಿಡಿದದ್ದು ಆರು ತಿಂಗಳು 27 ದಿನ.

ಈ ದಿನಗಳ ಒಂದು ಪ್ರಸಂಗ ನನ್ನ ತಲೆಯಿಂದ ಹೋಗುತ್ತಿಲ್ಲ. ಹೊರಾಂಗಣ ಚಿತ್ರೀಕರಣದ ವೇಳೆ ಮಗು ಭಾಲಚಂದ್ರ ಆಡುತ್ತಾ ಬಂಡೆಯ ಮೇಲೆ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ರಕ್ತ ಬಂತು, ಎಚ್ಚರ ತಪ್ಪಿತು. ಫಾಲ್ಕೆ ಪ್ರಥಮ ಚಿಕಿತ್ಸೆ ಮಾಡಿದರು. ಊರಿಗೆ ವಾಪಸ್ ಹೋಗೋಣ, ಹುಡುಗ ಗುಣವಾದ ಮೇಲೆ ನೋಡೋಣ ಎಂದರು ತಂಡದವರು. ಮುಂದೆ ತೆಗೆಯಬೇಕಿದ್ದದ್ದು ಸತ್ತು ಮಲಗಿದ ರೋಹಿದಾಸನ ದೃಶ್ಯ. ಕೆಲಸ ನಿಂತರೆ ಮತ್ತೆ ಖರ್ಚು. ಎಚ್ಚರವಿಲ್ಲದ ಮಗನನ್ನೇ ಮಲಗಿಸಿ ಫಾಲ್ಕೆ ಆ ದೃಶ್ಯ ತೆಗೆದರು ಎಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಹುಡುಗ ಚೇತರಿಸಿಕೊಂಡ. ಇದನ್ನು ದೊಡ್ಡ ತ್ಯಾಗ ಎಂಬಂತೆ ಬರೆದಿರುವುದನ್ನು ಓದಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಪ್ಲೇಗಿನಲ್ಲಿ ಒಂದು ಮಗುವನ್ನು ಕಳಕೊಂಡ ಅಪ್ಪ ಆತ. ಆ ಕ್ಷಣ ಕ್ಯಾಮೆರಾದ ಹಿಡಿ ತಿರುಗಿಸುವಾಗ ಕೈ ನಡುಗಿರಲಾರದು ಎಂದು ನಾನು ನಂಬುವುದಿಲ್ಲ. ಆದರೂ ಮಾಡಬಾರದಿತ್ತು ಅನ್ನಿಸುತ್ತದೆ. ಹರಿಶ್ಚಂದ್ರನ ಕಥೆಯೂ ಅದೇ ತಾನೇ, ಒಬ್ಬನ ಹಟಕ್ಕೆ ಹೆಂಡತಿ ಮಗನೂ ಬೆಲೆ ಕಟ್ಟುವ ಕಥೆ. ಚಿಕ್ಕಂದಿನಲ್ಲಿ ಟಿವಿಯಲ್ಲಿ ರಾಜ್‌ಕುಮಾರ್ ಅವರ 'ಸತ್ಯ ಹರಿಶ್ಚಂದ್ರ' ಬಂದಾಗಲೂ ನಮ್ಮ ಅಜ್ಜಿ ಅಳುತ್ತಿದ್ದದ್ದು ರಾಜನಿಗಾಗಿ ಅಲ್ಲ, ಚಂದ್ರಮತಿಗಾಗಿ.

1913ರ ಮೇ 3ರಂದು ಮುಂಬೈನ ಕಾರೊನೇಷನ್ ಥಿಯೇಟರಿನಲ್ಲಿ 'ರಾಜಾ ಹರಿಶ್ಚಂದ್ರ' ಬಿಡುಗಡೆಯಾಯಿತು. ಅದಕ್ಕೂ ಒಂದು ವರ್ಷ ಮುಂಚೆ ದಾದಾಸಾಹೇಬ್ ತೋರ್ಣೆಯವರ 'ಪುಂಡಲೀಕ' ಬಂದಿತ್ತು. ಆದರೆ ಅದು ನಾಟಕವನ್ನು ಹಾಗೇ ಚಿತ್ರೀಕರಿಸಿದ್ದು, ಕ್ಯಾಮೆರಾ ಹಿಡಿದವರು ಬ್ರಿಟಿಷರು ಎಂಬ ಕಾರಣಕ್ಕೆ ಮೊದಲ ಕಥಾಚಿತ್ರದ ಪಟ್ಟ ಹರಿಶ್ಚಂದ್ರನಿಗೆ ಹೋಗಿದೆ. ವಾದ ಇನ್ನೂ ನಡೆಯುತ್ತಿರುತ್ತದೆ, ನಡೆಯಲಿ. ಸಿನಿಮಾ ಒಂದೇ ಹಾಕಿದರೆ ಜನ ಬರುತ್ತಾರೋ ಇಲ್ಲವೋ ಎಂದು ಜತೆಗೆ ಒಬ್ಬಾಕೆಯ ಡ್ಯಾನ್ಸ್, ಕಾಮಿಡಿ, ಕಾಲಿನಲ್ಲಿ ಸಾಮಾನು ಎಸೆದಾಡುವವನ ಸರ್ಕಸ್ಸನ್ನೂ ಇಟ್ಟಿದ್ದರು.

ಸೂರತ್‌ನಲ್ಲಿ ಮೊದಲ ದಿನದ ಕಲೆಕ್ಷನ್ ಮೂರೇ ರೂಪಾಯಿ ಎನ್ನುತ್ತಾರೆ. ರಾತ್ರಿಯಿಡೀ ನಡೆಯುವ ನಾಟಕ ಎರಡಾಣೆಗೆ ಸಿಗುವಾಗ ಒಂದೂವರೆ ಗಂಟೆಯ ಸಿನಿಮಾಕ್ಕೆ ಮೂರಾಣೆ ಯಾರು ಕೊಡುತ್ತಾರೆ? ಆಗ ಫಾಲ್ಕೆಯೊಳಗಿನ ಪ್ರೊಫೆಸರ್ ಕೆಲ್ಫಾ ಎದ್ದ. 57 ಸಾವಿರ ಫೋಟೊಗಳ, ಎರಡು ಮೈಲಿ ಉದ್ದದ ಚಿತ್ರವನ್ನು ಬರೀ ಮೂರಾಣೆಗೆ ನೋಡಿ ಎಂಬರ್ಥದ ಜಾಹೀರಾತು ಹೊರಟಿತು. ಜನ ಮುಗಿಬಿದ್ದರು. ನಾನು ಕ್ಯಾಲ್ಕುಲೇಟರ್ ಹಿಡಿದು ನೋಡಿದೆ. ಸಿನಿಮಾ ಉದ್ದ 3,700 ಅಡಿ. ಅಡಿಗೆ 16 ಚಿತ್ರದಂತೆ 59,200. ಫೋಟೊಗಳ ಲೆಕ್ಕ ಹೆಚ್ಚುಕಡಿಮೆ ಸರಿ. ಎರಡು ಮೈಲಿ ಅಂದರೆ ಹತ್ತು ಸಾವಿರ ಅಡಿಗೂ ಮೇಲೆ, ಸಿನಿಮಾ ಒಂದು ಮೈಲಿಯೂ ಇಲ್ಲ! ಜಾದೂಗಾರರು ಅಷ್ಟು ಮಾಡದಿದ್ದರೆ ಹೇಗೆ.

ಆಮೇಲಿನದು ಗೆಲುವಿನ ಕಾಲ. ನಾಸಿಕಕ್ಕೆ ಹೋಗಿ ಅಲ್ಲೇ ಸಿನಿಮಾ ಮಾಡತೊಡಗಿದರು. ಅದೇ 1913ರ 'ಮೋಹಿನಿ ಭಸ್ಮಾಸುರ'ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾ ನಟಿಸಿದರು. ಕೊನೆಗೂ ಹೆಂಗಸರ ಪಾತ್ರಕ್ಕೆ ಹೆಂಗಸರು ಬಂದರು. 1914ರಲ್ಲಿ ತಮ್ಮ ಸಿನಿಮಾಗಳನ್ನು ಲಂಡನ್ನಿಗೆ ಒಯ್ದು ತೋರಿಸಿದರು. ಅಲ್ಲೇ ಇದ್ದು ಚಿತ್ರ ಮಾಡಿ ಎಂಬ ಆಹ್ವಾನ ಬಂದರೂ ಊರಿಗೆ ವಾಪಸಾದರು. 1917ರ 'ಲಂಕಾ ದಹನ'ದಲ್ಲಿ ನಮ್ಮ ಅಡುಗೆಯ ಸಾಳುಂಕೆ ರಾಮನೂ ಆದ, ಸೀತೆಯೂ ಆದ. ಡಬಲ್ ಆ್ಯಕ್ಟಿಂಗ್! ಆ ಸಿನಿಮಾದ ಕಲೆಕ್ಷನ್ನಿನ ಚಿಲ್ಲರೆಯನ್ನು ಮೂಟೆ ಕಟ್ಟಿ ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆ ಈಗಲೂ ಹೇಳುತ್ತಾರೆ. 1919ರ 'ಕಾಲಿಯ ಮರ್ದನ'ದಲ್ಲಿ ಪುಟ್ಟ ಕೃಷ್ಣನಾದದ್ದು ಮಗಳು ಮಂದಾಕಿನಿ. ಸಿನಿಮಾದ ಶುರುವಿನಲ್ಲಿ ಆ ಹುಡುಗಿ ಕ್ಯಾಮೆರಾ ನೋಡಿಕೊಂಡು ನಗುತ್ತಾಳೆ, ಸಿಟ್ಟಾಗುತ್ತಾಳೆ, ಅಳುತ್ತಾಳೆ. ಆಮೇಲೆ ಹಾಗೇ ಕೃಷ್ಣನಾಗಿ ಬದಲಾಗುತ್ತಾಳೆ. ಅಪ್ಪ ಕ್ಯಾಮೆರಾ ಹಿಂದೆ ನಿಂತು ಏನೇನು ಹೇಳಿ ನಗಿಸಿದರೋ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಅದರಲ್ಲಿ ಹೊಸದೇನೂ ಇಲ್ಲ. ಮುಂಬೈನ ವ್ಯಾಪಾರಿಗಳ ಜತೆ ಸೇರಿ 1918ರಲ್ಲಿ ಹಿಂದುಸ್ಥಾನ್ ಫಿಲ್ಮ್ಸ್ ಕಂಪನಿ ಮಾಡಿದರು. ಮುದ್ರಣದ ಕಾಲದಲ್ಲಿ ಆದದ್ದೇ ಇಲ್ಲೂ ಆಯಿತು. ಖರ್ಚು ಜಾಸ್ತಿ ಅಂದರು ಪಾಲುದಾರರು, ಕಲೆ ನಿಮಗೇನು ಗೊತ್ತು ಅನ್ನುವ ಧಾಟಿಯವರು ಇವರು. ಮುನಿಸಿಕೊಂಡು ಕಾಶಿಗೆ ಹೋದರು. ಅಲ್ಲಿ ಒಂದು ನಾಟಕ ಬರೆದರು. ಕೆಲವು ವರ್ಷಗಳ ನಂತರ ವಾಪಸ್ ಬಂದು ಮತ್ತೆ ಸಿನಿಮಾ ಮಾಡಿದರೂ ಹಿಂದಿನ ಓಟ ಇರಲಿಲ್ಲ. 1931ರಲ್ಲಿ 'ಆಲಂ ಆರಾ' ಬಂದು ಸಿನಿಮಾ ಮಾತಾಡತೊಡಗಿತು. ಫಾಲ್ಕೆ ಮೂಕಿಯಾಗಿ ತೆಗೆದಿದ್ದ 'ಸೇತುಬಂಧನ'ಕ್ಕೆ ಆಮೇಲೆ ದನಿ ಅಂಟಿಸಬೇಕಾಯಿತು. 1937ರಲ್ಲಿ ಕೊಲ್ಹಾಪುರದಲ್ಲಿ ಮಾಡಿದ 'ಗಂಗಾವತರಣ' ಅವರ ಕೊನೆಯ ಸಿನಿಮಾ. ನಮ್ಮ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಕೂಡ ಅದಕ್ಕೆ ಮೂರು ವರ್ಷ ಮುಂಚೆ, 1934ರಲ್ಲಿ, ಅದೇ ಕೊಲ್ಹಾಪುರದಲ್ಲೇ ತಯಾರಾಗಿತ್ತು. ಫಾಲ್ಕೆ ಹಾಕಿಕೊಟ್ಟ ದಾರಿಯಲ್ಲಿ ಎಲ್ಲರೂ ಹೋಗುತ್ತಿದ್ದರು, ಅವರು ಮಾತ್ರ ಹಿಂದೆ ಉಳಿದಿದ್ದರು.

1944ರ ಫೆಬ್ರವರಿ 16ರಂದು ನಾಸಿಕದಲ್ಲಿ ತೀರಿಕೊಂಡರು. ಅವರ ಹೆಸರಿನ ಪ್ರಶಸ್ತಿ ಶುರುವಾದದ್ದು ಅದಾಗಿ 25 ವರ್ಷದ ಮೇಲೆ, 1969ನೇ ಸಾಲಿನಿಂದ. ಸರಸ್ವತಿಬಾಯಿ ಹೆಸರಿನಲ್ಲೂ ಒಂದು ಇದ್ದಿದ್ದರೆ, ಎಡಿಟಿಂಗ್ ಟೇಬಲ್ಲಿನ ಮುಂದೆ, ಲೈಟಿನ ಕೆಳಗೆ, ಅಡುಗೆ ಟೆಂಟಿನಲ್ಲಿ ದುಡಿಯುವವರಿಗೆ ಕೊಡಬಹುದಿತ್ತು.

'ರಾಜಾ ಹರಿಶ್ಚಂದ್ರ' ಪೂರ್ತಿ ಉಳಿದಿಲ್ಲ. ನಾಲ್ಕು ರೀಲುಗಳಲ್ಲಿ ಮೊದಲನೆಯದು ಮತ್ತು ಕೊನೆಯದು ಮಾತ್ರ ಪುಣೆಯ ಫಿಲಂ ಆರ್ಕೈವ್‌ನಲ್ಲಿವೆ. ಅವೂ 1913ರವಲ್ಲ, ಫಾಲ್ಕೆ ನಾಲ್ಕೈದು ವರ್ಷ ಬಿಟ್ಟು ಮತ್ತೆ ತೆಗೆದವು ಎನ್ನುವವರಿದ್ದಾರೆ. ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗುತ್ತದೆ. ಹೆಚ್ಚು ಹೊತ್ತೇನೂ ಇಲ್ಲ, ಬಸ್ಸಿನಲ್ಲಿ ಕಾಲೇಜಿಗೆ ಹೋಗುವಷ್ಟರಲ್ಲಿ ಮುಗಿಯುತ್ತದೆ. ಮಗನಿಗೆ ಬಿಲ್ಲುವಿದ್ಯೆ ಕಲಿಸುವ ರಾಜನ ದೃಶ್ಯವನ್ನು ನಿಧಾನಕ್ಕೆ ನೋಡಿ. ಕೊಳದಲ್ಲಿ ರಾಣಿ ಸಖಿಯರ ಜತೆ ನೀರಾಟ ಆಡುವ ದೃಶ್ಯ ಬಂದಾಗ ಮಾತ್ರ ನಗು ತಡೆದುಕೊಳ್ಳಿ. ಒದ್ದೆ ಸೀರೆಯಲ್ಲಿ ನೀರೆರಚುತ್ತಿರುವ ಅಷ್ಟೂ ಜನ ಗಂಡಸರು, ಮೀಸೆ ಬೋಳಿಸಿಕೊಂಡು ಹರಿಶ್ಚಂದ್ರನ ಫ್ಯಾಕ್ಟರಿಗೆ ಕೆಲಸಕ್ಕೆ ಬಂದವರು.